ತಾರಸಿಯ ಮೇಲಿನ ಕೆಂಪು ಚುಕ್ಕಿಗಳು

ಸೋಲಾರ್ ಹೀಟರ್ ಕೂರಿಸಲು ಬಂದಿದ್ದವನು ಕಳೆದ ಭಾನುವಾರ ತಾರಸಿಯಿಂದಲೇ ಕೂಗಿದ. "ಸಾರ್, ಈ ಹಳೇ ಡಿಶ್ ಪೈಪು ಅಡ್ಡ ಬರ್ತಿದೆ. ಕಟ್ ಮಾಡ್ಬಿಡ್ಲಾ?" ಹತ್ತಿ ಹೋಗಿ ನೋಡಿದೆ. ಅವನು ಸಾಮಾನು ಎಳೆದಾಡಿದ ಕಡೆಯಲ್ಲೆಲ್ಲ ವಾಟರ್‌ಪ್ರೂಫ್ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಒಂದು ಚೂರನ್ನು ಎತ್ತಿ ತಿರುಗಿಸಿದರೆ, ಅದರ ಅಡಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಕೆಂಪು ಚುಕ್ಕಿಯೊಂದು ಅಂಟಿಕೊಂಡಿತ್ತು. ನೇಲ್ ಪಾಲಿಶಿನ ಚುಕ್ಕಿ.

"ಬೇಡಪ್ಪ, ಅದನ್ನ ಮುಟ್ಬೇಡ" ಎಂದೆ. ಕಾರಣ ಹೇಳಲಿಲ್ಲ. ಹೇಳಿದ್ದರೆ ನನ್ನ ಮರ್ಯಾದೆಯೇ ಹೋಗುತ್ತಿತ್ತು.

ಆ ಚುಕ್ಕಿಗಳಿಗೆ ಕಾರಣಳಾದ ಹೆಂಗಸು ರಾಜಗೋಪಾಲನಗರದ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದದ್ದು ಏಳೆಂಟು ವರ್ಷಗಳ ಹಿಂದೆ. ಬಾಗಲಕೋಟೆ ಕಡೆಯವರು. ಗಂಡ ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಕೆಲಸಕ್ಕಿದ್ದ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಹನ್ನೊಂದು, ಚಿಕ್ಕವಳಿಗೆ ಏಳು ಇದ್ದಿರಬಹುದು. ನಾನು ಆಗಷ್ಟೇ ಪೀಣ್ಯದ ಕಾರ್ಖಾನೆಯೊಂದರಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾಗಿದ್ದೆ. ಬಂದ ಮಾಲು ಸರಿಯಿಲ್ಲ ಎಂದುಕೊಂಡೇ ಕೈಗೆತ್ತಿಕೊಳ್ಳುವುದು ನನ್ನ ಮೂವತ್ತು ವರ್ಷದ ಕಸುಬು. ಕೆಲಸ ಬಿಟ್ಟರೂ ಆ ಬುದ್ಧಿ ನನ್ನನ್ನು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳಿಬ್ಬರೂ ಮನೆಯಲ್ಲೇ ಇದ್ದದ್ದು ನನ್ನ ಕಣ್ಣಿಗೆ ಬಿದ್ದ ಮೊದಲ ದೋಷ. "ಯಾವ ಸ್ಕೂಲಮ್ಮ ಮಕ್ಳು?" ಎಂದು ಕೇಳಿದೆ. "ಇವತ್ತ ಸೂಟಿ ಐತ್ರಿ ಕಾಕಾ" ಎಂದಳು. ಮರುವಾರ ಕೇಳಿದರೆ "ಸಣ್ಣಾಕಿಗೆ ಆರಾಮಿಲ್ರಿ". ಅದರ ಮರುವಾರ ಇನ್ನೊಂದು ನೆಪ. ಒಂದೇ ಪ್ರಶ್ನೆಗೆ ಮೂರು ಉತ್ತರ ಬಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

ಶಾಲೆಗೆ ಹೋಗದ ಆ ಮಕ್ಕಳನ್ನು ಕರೆದುಕೊಂಡು ಆಕೆ ಎಲ್ಲೆಲ್ಲಿಗೋ ಹೋಗುತ್ತಿದ್ದಳು. ಯುಗಾದಿಯ ಹೊತ್ತಿಗೆ ಮೂವರೂ ಮಡಿಲ ತುಂಬ ಬೇವಿನ ಹೂ ತಂದು ಮೆಟ್ಟಿಲ ಮೇಲೆ ಕೂತು ಎಣಿಸುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಕಾಯೊಳಗಿನ ಹುಳುವನ್ನು ಸೀಸೆಯಲ್ಲಿಟ್ಟು ಸಾಕುತ್ತಿದ್ದರು. ಆಷಾಢದ ಗಾಳಿಗೆ ಬಟ್ಟೆ ಒಣಗಿಸುವ ತಂತಿಯ ತುಂಬ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಏನೋ ಬರೆದುಕೊಳ್ಳುತ್ತಿದ್ದರು. ಮಕ್ಕಳನ್ನು ಎಲ್ಲಾದರೂ ದುಡಿಮೆಗೆ ಹಚ್ಚಿದ್ದಾಳೋ ಏನೋ ಎಂದು ಒಂದು ದಿನ ಲಗ್ಗೆರೆಯವರೆಗೂ ಹಿಂಬಾಲಿಸಿದೆ. ತರಕಾರಿ ಅಂಗಡಿಯ ಮುಂದೆ ಚಿಕ್ಕವಳು ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ತೂಗಿ ಇಷ್ಟು ಕಿಲೋ ಎನ್ನುವುದು, ಆಮೇಲೆ ತಕ್ಕಡಿಗೆ ಇಟ್ಟು ನೋಡುವುದು, ಮೂವರೂ ನಗುವುದು... ನಾನು ಆಟೋ ಮರೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ. ಅಷ್ಟಾದರೂ ನನ್ನ ಅನುಮಾನ ಇಳಿಯಲಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಭಾನುವಾರದ ವ್ಯವಹಾರ. ಕಾರ್ತಿಕದಲ್ಲಿ ಶುರುವಾದದ್ದು ಅದು. ಹನ್ನೆರಡು ಗಂಟೆಗೆ ಸ್ವಲ್ಪ ಮುಂಚೆ ಮೂವರೂ ತಾರಸಿಗೆ ಹೋಗಿ ಹತ್ತು ನಿಮಿಷದಲ್ಲಿ ಇಳಿದುಬಿಡುತ್ತಿದ್ದರು. ನಾನು ಆಮೇಲೆ ಹೋಗಿ ನೋಡಿದರೆ ಡಿಶ್ ಪೈಪಿನ ಬಳಿ ಒಂದು ಹೊಸ ಕೆಂಪು ಚುಕ್ಕಿ. ಪಕ್ಕದಲ್ಲಿ ಒಮ್ಮೆ ಹೊಂಗೆ ಹೂ, ಒಮ್ಮೆ ಹುಣಸೆ ಬೀಜ. ಚುಕ್ಕಿಗಳು ವಾರವಾರಕ್ಕೂ ಸಾಲಾಗಿ ಬೆಳೆದು, ಪೈಪನ್ನು ದಾಟಿ, ಸೊಂಟ ತಿರುವಿ ಹಿಂದಕ್ಕೆ ಬಂದವು. ಮಳೆಗಾಲದಲ್ಲಿ ಅಲ್ಲಲ್ಲಿ ಚುಕ್ಕಿ ತಪ್ಪಿದ್ದರೂ ಭಾದ್ರಪದದ ಹೊತ್ತಿಗೆ ಅದು ಮಲಗಿದ ಹಾವಿನಂತೆ ಕಾಣುತ್ತಿತ್ತು.

ಅದೇ ವರ್ಷ ನನ್ನ ಮಗನಿಗೆ ಬಂದಿದ್ದ ಎರಡು ಸಂಬಂಧ ಮಾತುಕತೆಯವರೆಗೂ ಬಂದು ಮುರಿದುಬಿದ್ದಿದ್ದವು. "ಯಾರೋ ಏನೋ ಮಾಡ್ಸಿದಾರೆ ಕಣ್ರೀ" ಎಂದು ನನ್ನ ಹೆಂಡತಿ ಅಳುತ್ತಿದ್ದಳು. ಮಾಟ ಮಂತ್ರ ಎಂದರೆ ನಗುತ್ತಿದ್ದವನು ನಾನು. ಆದರೂ ಅವಳ ಮಾತು ಕೇಳಿದಾಗಲೆಲ್ಲ ಕಣ್ಣು ತಾರಸಿಯ ಕಡೆಗೆ ಹೋಗುತ್ತಿತ್ತು.

ಆಯುಧಪೂಜೆಯ ದಿನ ಪೀಣ್ಯದಲ್ಲಿ ಗೇಟುಗಳೆಲ್ಲ ತೆರೆದಿರುತ್ತವೆ. ಯಾರು ಬೇಕಾದರೂ ಒಳಗೆ ಹೋಗಿ ಹೂ ಮುಡಿಸಿದ ಯಂತ್ರ ನೋಡಿ, ಪುರಿ ಸಿಹಿ ತಿಂದು ಬರಬಹುದು. ನನ್ನ ಹಳೆಯ ಕಾರ್ಖಾನೆಗೆ ಹೋದರೆ ಅಲ್ಲೂ ಆ ಮೂವರು! ದೊಡ್ಡವಳು ಲೇತ್ ಯಂತ್ರದ ಎದುರು ನೋಟ್‌ಬುಕ್ ಹಿಡಿದು ನಿಂತಿದ್ದಳು. ಆ ಭಾನುವಾರ ತಾರಸಿಗೆ ಹೋಗಿ ನೋಡಿದೆ. ಹೊಸ ಚುಕ್ಕಿಯ ಪಕ್ಕದಲ್ಲಿ ಕುಂಕುಮ ಮೆತ್ತಿದ ಬೂದುಗುಂಬಳದ ಚೂರು.

ಸೋಮವಾರವೇ ಪೇಂಟರನ್ನು ಕರೆಸಿದೆ. ಮಂಗಳವಾರ ಸಂಜೆಗೆ ಇಡೀ ತಾರಸಿಗೆ ಎರಡು ಕೋಟ್ ಬಿಳಿ ಬಣ್ಣ ಬಿದ್ದಿತ್ತು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಮುಂದಿನ ಭಾನುವಾರ ದೊಡ್ಡವಳು ತಾರಸಿಯಿಂದ ಒಬ್ಬಳೇ ಇಳಿದು ಬಂದಳು. ಕೈಯಲ್ಲಿ ನೇಲ್ ಪಾಲಿಶಿನ ಸೀಸೆ. ನನ್ನ ಬಾಗಿಲ ಮುಂದೆ ನಿಂತು ತುಂಬ ಹೊತ್ತು ತುಟಿ ಅದುರಿಸಿದಳು.

"ಅ... ಅಜ್ಜಾ, ಮೂ... ಮೂರ ವಾರ ಉಳದಿತ್ರಿ."

ಅವಳು ತೊದಲುತ್ತಾಳೆಂದು ನನಗೆ ಗೊತ್ತಾದದ್ದು ಆಗ. ಅಷ್ಟು ದಿನ ಕಾವಲು ಕಾದವನು ಆ ಮಗುವನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ.

ಹಿಂದೆಯೇ ತಾಯಿ ಬಂದಳು, ನೋಟ್‌ಬುಕ್ ಬಿಡಿಸಿ ತೋರಿಸಿದಳು. "ಒಂದ ವರ್ಷ, ಬರೋಬ್ಬರಿ ಹನ್ನೆರಡಕ್ಕ, ಪೈಪಿನ ನೆಳ್ಳಿನ ತುದಿಗೆ ಚುಕ್ಕಿ ಇಟ್ರ ಎಂಟರ ಆಕಾರ ಬರತೈತ್ರಿ ಕಾಕಾ. ಸೂರ್ಯನ ದಾರಿ ಅದು. ಆ ವಾರ ದಾರ್ಯಾಗ ಸಿಕ್ಕಿದ್ದನ್ನ ಸಣ್ಣಾಕಿ ಬಾಜೂಕ ಇಡತಿದ್ಲು, ಯಾವ ಕಾಲ ಅಂತ ನೆನಪಿರಲಿ ಅಂತ."

"ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"

"ಹೆಂಗ ಹೇಳಲ್ರಿ? ಸಾಲ್ಯಾಗ ಎಲ್ಲಾರೂ ನಗತಾರಂತ ದೊಡ್ಡಾಕಿ ಮಾತಾಡೋದ ಬಿಟ್ಟಿದ್ಲು. ನಾನೂ ಟೀಚರ್ ಇದ್ದಾಕಿ, ಮನ್ಯಾಗ ಕಲಸೋಣಂತ ಇಬ್ಬರನ್ನೂ ಬಿಡಿಸಿದೆ. ಅದು ತಿಳದು ಹಿಂದಿನ ಓನರ್ ಮನಿ ಖಾಲಿ ಮಾಡಿಸಿದ್ರು. ನಾವು ಬಂದಾಗಿಂದ ನೀವೂ ಅದನ್ನ ಕೇಳತಿದ್ರಿ... ಅಂಜಿಕಿ ಬಂತ್ರಿ."

ನಾನು ಆಕೆಯನ್ನು ನೋಡುತ್ತಿದ್ದಷ್ಟೇ ಅನುಮಾನದಿಂದ ಆಕೆಯೂ ನನ್ನನ್ನು ನೋಡುತ್ತಿದ್ದಳು. ಪುಟ ತಿರುಗಿಸಿದೆ. ಪ್ರತಿ ಭಾನುವಾರದ ನೆರಳಿನ ಉದ್ದ ಮಿಲಿಮೀಟರ್ ಲೆಕ್ಕದಲ್ಲಿತ್ತು. ಮೋಡವಿದ್ದ ದಿನ 'ನೆರಳಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದಿತ್ತು. ನನ್ನ ಕೈಕೆಳಗಿನ ಯಾವ ಹುಡುಗನೂ ಅಷ್ಟು ಚೊಕ್ಕವಾಗಿ ಅಳತೆ ಬರೆದದ್ದಿಲ್ಲ. ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ. "ತಾರ್ಸಿ ಸೋರ್ತಾ ಇತ್ತಮ್ಮ, ಅದಕ್ಕೇ..."

"ಹೌದೇನ್ರಿ" ಎಂದಳು, ಅಷ್ಟೇ.

ಮುಂದಿನ ತಿಂಗಳು ಮನೆ ಖಾಲಿ ಮಾಡಿದರು. ಬೊಮ್ಮನಹಳ್ಳಿ ಕಡೆಗೆ ಹೋದರಂತೆ... ನಾನು ವಿಳಾಸ ಕೇಳಲಿಲ್ಲ. ಮಗನ ಮದುವೆ ಮರುವರ್ಷ ತಾನಾಗಿ ಕೂಡಿಬಂತು.

ಕಳೆದ ಭಾನುವಾರ ಪೈಪಿನ ಮುಂದೆ ನಿಂತಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಆಯುಧಪೂಜೆ ಮುಗಿದು ಎರಡನೆಯ ಭಾನುವಾರ; ಅವರಿಗೆ ಉಳಿದಿದ್ದ ಮೂರರಲ್ಲಿ ಮೊದಲನೆಯದು. ಏನನ್ನಿಸಿತೋ, ಕೆಳಗೆ ಓಡಿ ಸೊಸೆಯನ್ನು ಕೇಳಿದೆ. "ಕೆಂಪು ನೇಲ್ ಪಾಲಿಶ್ ಇದ್ರೆ ಕೊಡಮ್ಮ."

ಅವಳು ಕೈಕೆಲಸ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಿಗೆ ಮಾವ?"

ಆ ನೋಟ ನನಗೆ ಚೆನ್ನಾಗಿ ಗೊತ್ತು. ಒಂದು ವರ್ಷ ಅದನ್ನು ನಾನೇ ಇನ್ನೊಬ್ಬಳ ಮೇಲೆ ಇಟ್ಟಿದ್ದೆ. ಈ ಸಲ ನೆಪ ಹೇಳಲಿಲ್ಲ, ಸೋರುವ ತಾರಸಿಯ ಸುಳ್ಳೂ ಸೇರಿ ಎಲ್ಲವನ್ನೂ ಹೇಳಿದೆ. ಸೊಸೆ ಸೀಸೆ ತಂದುಕೊಟ್ಟಳು.

ತಾರಸಿ ಹತ್ತುವಷ್ಟರಲ್ಲಿ ಹನ್ನೆರಡೂ ಇಪ್ಪತ್ತಾಗಿತ್ತು. ನೆರಳು ತನ್ನ ಪಾಡಿಗೆ ತಾನು ಸರಿದಿತ್ತು. ಚುಕ್ಕಿ ಇಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಆ ಹುಡುಗಿ ಹೊತ್ತು ಮೀರಿದ ಮೇಲೆ ಚುಕ್ಕಿ ಇಡುತ್ತಿರಲಿಲ್ಲ. ನಾನೂ ಇಡಲಿಲ್ಲ.