ಮರದ ಅಳತೆಗೆ ಐದು ಟೇಪು

ಅಡುಗೆಮನೆಗೆ ಕಾಲಿಟ್ಟರೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಮೇಜಿನ ಮೇಲೆ ಹಳೆಯ ಇಂಚು ಟೇಪೊಂದು ಸುರುಳಿ ಸುತ್ತಿ ಕೂತಿದೆ. ಐದು ಟೇಪುಗಳನ್ನು ತುದಿಗೆ ತುದಿ ಸೇರಿಸಿ ಹೊಲಿದದ್ದು. ಬೆಳಿಗ್ಗೆ ಟೈಲರ್ ಕಾಕನ ಮಗಳು ತಂದುಕೊಟ್ಟು ಹೋದಳು. ಬರುವ ಭಾನುವಾರ ನಾವಿಬ್ಬರೂ ಕಳಸದ ಆಚೆ, ಕುದುರೆಮುಖದ ರಾಷ್ಟ್ರೀಯ ಉದ್ಯಾನದೊಳಗೆ ಒಂದು ಮರ ನೋಡಲು ಹೊರಟಿದ್ದೇವೆ. ನಿಜವಾಗಿ ಹೋಗಬೇಕಾಗಿದ್ದವರು ಕಾಕ. ಅವರನ್ನು ಹೋಗದಂತೆ ಮಾಡಿದವಳು ನಾನು.

ಆಗ ನಾನು ಬಣಕಲ್ಲಿನ ಶಾಲೆಯಲ್ಲಿ ಟೀಚರ್. ಬಸ್ಸು ನಿಲ್ಲುವ ಜಾಗದ ಎದುರಿಗೆ ಕಾಕನ ಅಂಗಡಿ, ಅದರ ಹಿಂದೆ ನನ್ನ ಬಾಡಿಗೆ ಮನೆ. ಮಕ್ಕಳ ಯೂನಿಫಾರ್ಮಿನಿಂದ ಹಿಡಿದು ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ಪ್ಯಾಂಟಿನವರೆಗೆ ಎಲ್ಲ ಅವರದೇ ಕೈ. ಅವರಿಗೊಂದು ಚಾಳಿ ಇತ್ತು. ಯಾರ ಬಟ್ಟೆಯಾದರೂ ಸರಿ, ಅಂಚಿನಲ್ಲಿ ನಾಲ್ಕು ಬೆರಳು ಒಳಗೆ ಮಡಚಿ ಕಚ್ಚಾ ಹೊಲಿಗೆ ಹಾಕಿಬಿಡುವುದು. ಮಗು ಬೆಳೆದಾಗ ಬಿಚ್ಚಿಕೊಂಡರಾಯಿತು. ಮಕ್ಕಳದ್ದು ಹೋಗಲಿ, ಐವತ್ತು ದಾಟಿದ ನಮ್ಮ ಹೆಡ್ಮಾಸ್ಟರ ಪ್ಯಾಂಟಿಗೂ ಮಡಿಕೆ!

"ಇವರಿನ್ನೆಲ್ಲಿ ಬೆಳೀತಾರೆ ಕಾಕ?" ಎಂದು ನಾನು ನಕ್ಕರೆ, "ಉದ್ದಕ್ಕೆ ಇಲ್ಲದಿದ್ರೆ ಅಡ್ಡಕ್ಕೆ ಬೆಳೀತಾರೆ ಟೀಚರೇ" ಎನ್ನುತ್ತಿದ್ದರು.

ಅವರಿಗೆ ಮರದ ಹುಚ್ಚು ಹತ್ತಿಸಿದ್ದು ಒಬ್ಬ ಫಾರೆಸ್ಟ್ ಗಾರ್ಡ್. ಖಾಕಿ ಶರ್ಟಿಗೆ ಅಳತೆ ಕೊಡುತ್ತ ನಿಂತವನು ಕಾಡಿನೊಳಗಿನ ಒಂದು ಧೂಪದ ಮರದ ಸುದ್ದಿ ತೆಗೆದ. ನಾಲ್ಕು ಜನ ಕೈ ಕೈ ಹಿಡಿದು ನಿಂತರೂ ಅದಕ್ಕೆ ಸುತ್ತು ಬರುವುದಿಲ್ಲವಂತೆ. ನಾನೂ ಅಲ್ಲೇ ಇದ್ದೆ. ಕಾಕ ಟೇಪನ್ನು ಅವನ ಎದೆಯ ಮೇಲೆಯೇ ಹಿಡಿದುಕೊಂಡು ಮಿಕಿಮಿಕಿ ನೋಡಿದರು.

"ಇಷ್ಟು ವರ್ಷ ಊರವರ ಎದೆ ಅಳತೆ ತಗೊಂಡೆ ಮಾರಾಯ, ನನ್ನ ಟೇಪು ಸಾಲದ ಗಿರಾಕಿ ಒಬ್ಬನೂ ಬರ್ಲಿಲ್ಲ. ಈಗ ಒಬ್ಬ ಸಿಕ್ಕಿದ ನೋಡು!"

ಅವತ್ತಿನಿಂದ ತಯಾರಿ ಶುರು. ಮೊದಲು ಐದು ಟೇಪು ಸೇರಿಸಿ ಹೊಲಿದರು. ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದು ಊರಿಗೊಂದು ಗುಂಡಿ ಇಡುತ್ತಿದ್ದರು. ಬಣಕಲ್ಲಿಗೊಂದು ಶರ್ಟಿನ ಗುಂಡಿ, ಕೊಟ್ಟಿಗೆಹಾರಕ್ಕೆ ಇನ್ನೊಂದು, ಕಳಸಕ್ಕೆ ಪ್ಯಾಂಟಿನದು, ಮರಕ್ಕೆ ಮಾತ್ರ ಕೋಟಿನ ದೊಡ್ಡ ಗುಂಡಿ. ಗಿರಾಕಿ ಬಂದು ಬಟ್ಟೆ ಹಾಸಿದರೆ ದಾರಿಯೆಲ್ಲ ಅಳಿಸಿ ಹೋಗುತ್ತಿತ್ತು. ಮರುದಿನ ಮತ್ತೆ ಬರೆಯುತ್ತಿದ್ದರು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆಂದು ಉಪ್ಪಿನ ಪೊಟ್ಟಣ ಕಟ್ಟಿಟ್ಟರು. ರಬ್ಬರ್ ಬೂಟು ಕೊಂಡು ಅಂಗಡಿಯೊಳಗೇ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ನಡೆದು ಅಭ್ಯಾಸ ಮಾಡಿದರು. ಪೆಡಲ್ ತುಳಿದೇ ಸವೆದ ಕಾಲು ಗುಡ್ಡ ಹತ್ತಬೇಕಲ್ಲ... ಆದರೆ ಒಮ್ಮೆ ಮಳೆ ಬಿಡಲಿಲ್ಲ, ಒಮ್ಮೆ ಹಬ್ಬದ ಬಟ್ಟೆಯ ರಾಶಿ ಬಿಡಲಿಲ್ಲ.

ಕೊನೆಗೊಂದು ವರ್ಷ ಎಲ್ಲ ಕೂಡಿ ಬಂತು. ಅರಣ್ಯ ಇಲಾಖೆಯ ಒಪ್ಪಿಗೆ ಸಿಕ್ಕಿತು, ಜೀಪು ಗೊತ್ತಾಯಿತು. ಆ ಗಾರ್ಡೇ ದಾರಿ ತೋರಿಸುವವನಿದ್ದ. ಮರುವಾರವೇ ಅವನಿಗೆ ಬೇರೆ ಕಡೆಗೆ ವರ್ಗ. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಲಂಗಗಳ ಗಂಟು ಹೊತ್ತು ಅಂಗಡಿಗೆ ಓಡಿದೆ. ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸಿಗೆ ಹೊಲಿಸಿದ ಹನ್ನೆರಡು ಲಂಗಗಳು. ಅವಕ್ಕೆ ನಾನು ಕೊಟ್ಟಿದ್ದು ಹೋದ ವರ್ಷದ ಚೀಟಿಯ ಅಳತೆ. ಮಿರಿಮಿರಿ ಬಟ್ಟೆ ಸಾಲುವುದಿಲ್ಲ, ಮಡಿಕೆಗಿಡಿಕೆ ಬೇಡ ಎಂದಿದ್ದವಳೂ ನಾನೇ. ಮಕ್ಕಳು ಒಂದು ವರ್ಷ ಬೆಳೆದಿರುತ್ತಾರೆಂದು ಟೀಚರಿಗೆ ಹೊಳೆಯಲಿಲ್ಲ! ಒಂದು ಲಂಗವೂ ಸೊಂಟಕ್ಕೆ ಏರಲಿಲ್ಲ.

ಕಾಕ ಲಂಗಗಳನ್ನು ನೋಡಿದರು. ಬಾಗಿಲ ಪಕ್ಕ ಒರೆಸಿಟ್ಟಿದ್ದ ಬೂಟನ್ನು ನೋಡಿದರು.

"ಮಕ್ಕಳು ನಾಡಿದ್ದು ಸ್ಟೇಜ್ ಹತ್ತಬೇಕಲ್ಲ ಟೀಚರೇ. ಮರ ಎಲ್ಲಿಗೆ ಓಡಿಹೋಗ್ತದೆ?"

ಬೇಡ, ನೀವು ಹೋಗಿ ಬನ್ನಿ, ಮಕ್ಕಳು ಯೂನಿಫಾರ್ಮಿನಲ್ಲೇ ಕುಣಿಯಲಿ ಎನ್ನಬಹುದಿತ್ತು. ನಾನು ಹಾಗೆನ್ನಲಿಲ್ಲ. ಮುಂದಿನ ವರ್ಷ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ನನಗೆ ಮೂಡಿಗೆರೆಗೆ ವರ್ಗವಾಯಿತು, ಅವರಿಗೆ ಎದೆನೋವು ಬಂತು... ಒಂದು ಮಳೆಗಾಲದಲ್ಲಿ ಕಾಕ ಹೋದ ಸುದ್ದಿಯೂ ಬಂತು.

ಈಗ ನನಗೆ ನಿವೃತ್ತಿಯಾಗಿದೆ. ಒಪ್ಪಿಗೆ ಮೊಬೈಲಿನಲ್ಲೇ ಸಿಕ್ಕಿತು. ಅಂಗಡಿ ನಡೆಸುವ ಕಾಕನ ಮಗಳು ಭಾನುವಾರ ಬಾಗಿಲು ಹಾಕಿಯೇ ಬರುತ್ತೇನೆಂದಳು. ಆ ಗಾರ್ಡೂ ನಿವೃತ್ತನಾಗಿ ಕಳಸದಲ್ಲೇ ಇದ್ದಾನೆ. ಫೋನ್ ಮಾಡಿ, ಮರ ಇದೆಯಾ ಎಂದು ಹೆದರಿ ಹೆದರಿ ಕೇಳಿದೆ. "ಉಂಟಲ್ಲ ಮೇಡಂ, ಗಟ್ಟಿಮುಟ್ಟಾಗಿ ಉಂಟು! ನೀವು ಬೇಗ ಬನ್ನಿ, ನನಗೇ ಮಂಡಿ ನೋವು" ಎಂದ.

ಬೆಳಿಗ್ಗೆ ಟೇಪಿನ ಸುರುಳಿ ಬಿಡಿಸುತ್ತಿದ್ದಾಗ ಕೊನೆಯ ತುದಿಯ ಹತ್ತಿರ ಬೆರಳಿಗೆ ಏನೋ ದಪ್ಪಗೆ ತಾಗಿತು. ನಾಲ್ಕು ಬೆರಳಗಲ ಒಳಗೆ ಮಡಚಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ.

"ಇದೇನೇ ಇದು?" ಎಂದೆ.

"ನಿಮ್ಮ ಲಂಗದ ಕೆಲಸ ಮುಗಿದ ಮರುದಿನ ಬಾಪ ಹಾಕಿದ್ದು ಟೀಚರೇ" ಎಂದಳು ಮಗಳು. "ಹೋಗ್ಲಿಕ್ಕೆ ಇನ್ನೆಷ್ಟು ವರ್ಷ ಆಗ್ತದೋ, ಅಷ್ಟರಲ್ಲಿ ಆ ಕಾಡಿನ ಗಿರಾಕಿಯೂ ಅಡ್ಡಕ್ಕೆ ಬೆಳೆದಿರ್ತಾನೆ ಅಂದ್ರು."

ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಕಾಕ ಆ ಮರ ನೋಡಲಿಲ್ಲ. ಅದನ್ನು ಇನ್ನು ಯಾವ ಭಾನುವಾರವೂ ಸರಿಮಾಡಲಾರದು. ಮಡಿಕೆ ಬಿಚ್ಚಲು ಅವಳು ಕತ್ತರಿ ಕೇಳಿದಾಗ, ಇಲ್ಲಿ ಬೇಡ ಕಣೇ ಎಂದೆ. ಅವನು ಎಷ್ಟು ಬೆಳೆದಿದ್ದಾನೋ ನೋಡಿ ಬಿಚ್ಚಬೇಕು. ಚೀಲದಲ್ಲಿ ಉಪ್ಪಿನ ಪೊಟ್ಟಣದ ಪಕ್ಕ ಒಂದು ಸಣ್ಣ ಕತ್ತರಿ ಹಾಕಿಟ್ಟಿದ್ದೇನೆ.