ಖಾರದಕ್ಕನ ಫೇಶಿಯಲ್

ಆಕೆ ತನ್ನ ಬ್ಯೂಟಿ ಪಾರ್ಲರಿನ ಬಾಗಿಲ ಮೇಲೆ ಚೆಂದದ ಹೆಸರೊಂದನ್ನು ಬರೆಸಿದ್ದಳು. ಬೀದಿಯವರು ಮಾತ್ರ ಅದನ್ನು ಓದುವ ಗೋಜಿಗೇ ಹೋಗದೆ ‘ಖಾರದಕ್ಕನ ಅಂಗಡಿ’ ಎಂದೇ ಕರೆಯುತ್ತಿದ್ದರು. ಕಾರಣ ತಾರಸಿಯ ಮೇಲಿತ್ತು. ಖಾಲಿಯಾದ ಶಾಂಪೂ ಕ್ಯಾನುಗಳ ತಲೆ ಕೊಯ್ದು, ಮಣ್ಣು ತುಂಬಿ, ಆಕೆ ಮೆಣಸಿನ ಗಿಡ ಬೆಳೆಸುತ್ತಿದ್ದಳು. ಕಾಯಿ ಕಿರುಬೆರಳಿನ ತುದಿಯಷ್ಟು, ಸೊಕ್ಕು ಮಾತ್ರ ಆನೆಯಷ್ಟು. ಹಣ್ಣಾದದ್ದನ್ನು ಹಳೆಯ ಟವೆಲಿನ ಮೇಲೆ ಒಣಗಿಸಿ ಡಬ್ಬಿಗೆ ತುಂಬುವಳು. ಹಸಿಯದನ್ನು ಸೀಳಿ, ಉಪ್ಪು, ವಿನೆಗರ್ ಹಾಕಿ ಬಾಟಲಿಯಲ್ಲಿಡುವಳು. ಊಟಕ್ಕೆ ಕೂತರೆ ನಾಲ್ಕು ತುತ್ತಿಗೊಂದು ಕಾಯಿ ಕಡಿಯಲೇಬೇಕು.

“ನಿನ್ನ ನಾಲಿಗೆಗಿಂತ ಇದೇ ವಾಸಿ,” ಎಂದು ಹೇಳಲು ಹೊರಟಿದ್ದ ಗಂಡ, ಕಾಯಿ ಕಚ್ಚಿದವನೇ ಮಾತು ಅರ್ಧಕ್ಕೆ ಬಿಟ್ಟು ನಲ್ಲಿಗೆ ಬಾಯೊಡ್ಡಿದ್ದ.

ಗಂಡನ ತಂಗಿಗೆ ಈ ಗಿಡಗಳನ್ನು ಕಂಡರಾಗದು.

“ಪಾರ್ಲರ್ ಇಟ್ಕೊಂಡೋರು ಗುಲಾಬಿ ಬೆಳೀತಾರೆ ಅತ್ತಿಗೆ. ನೀವು ನೋಡಿದ್ರೆ ಮೆಣಸಿನಕಾಯಿ!”

“ಗುಲಾಬೀನ ಊಟಕ್ಕೆ ನಂಚ್ಕೊಳ್ಳೋಕಾಗತ್ತೇನೇ?”

ಒಂದು ಮಧ್ಯಾಹ್ನ ಅತ್ತಿಗೆ ಹಿಂದಿನ ಕೋಣೆಯಲ್ಲಿ ಕಾಯಿ ಸೀಳುತ್ತ ಕೂತಿದ್ದಾಗ ನಾದಿನಿ ಬಿರುಗಾಳಿಯಂತೆ ಬಂದಳು. ಸಂಜೆ ಹಳೆಯ ಸಹಪಾಠಿಗಳೆಲ್ಲ ಸೇರುವವರಿದ್ದರು. ತಕ್ಷಣ ಫೇಶಿಯಲ್ ಆಗಬೇಕು. ಅತ್ತಿಗೆ ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದಳು. ಮೆಣಸಿನ ಖಾರ ಬರೀ ಸೋಪಿಗೆ ಬಗ್ಗುವುದಿಲ್ಲ, ಮೊದಲು ಎಣ್ಣೆ ಹಚ್ಚಿ ತಿಕ್ಕಬೇಕು. ಅದು ಗೊತ್ತಿದ್ದವಳೇ, ಆದರೆ ನಾದಿನಿಯ ಗಡಿಬಿಡಿಯಲ್ಲಿ ಮರೆತಳು. ಅವಳ ಬೆರಳುಗಳಿಗೋ ಖಾರ ಎಂದೋ ಒಗ್ಗಿಹೋಗಿತ್ತು.

ನಾದಿನಿಯ ಕಣ್ಣಿಗೆ ಸೌತೆಕಾಯಿ ಬಿಲ್ಲೆ ಇಟ್ಟು, ಕೆನ್ನೆ ತೀಡತೊಡಗಿದಳು.

“ಅತ್ತಿಗೆ, ಯಾಕೋ ಬೆಚ್ಚಗಾಗ್ತಿದೆ.”

“ರಕ್ತ ಓಡಾಡ್ತಿದೆ. ಒಳ್ಳೇದು.”

ತುಸು ಹೊತ್ತು ಕಳೆಯಿತು.

“ಅತ್ತಿಗೇ! ಓಡಾಡ್ತಿಲ್ಲ, ಓಡ್ತಿದೆ!”

ಆಗ ಅತ್ತಿಗೆಗೆ ಕೈಯ ಖಾರ ನೆನಪಾಯಿತು. ಎಣ್ಣೆ ಸವರಿ ಒರೆಸಿದಳು, ತಣ್ಣನೆಯ ಹಾಲಿನಲ್ಲಿ ಹತ್ತಿ ಅದ್ದಿ ಕೆನ್ನೆಗೆ ಒತ್ತಿದಳು. ಉರಿ ಇಳಿಯಿತು, ಕೆಂಪು ಇಳಿಯಲಿಲ್ಲ. ನಾದಿನಿ ಕನ್ನಡಿ ನೋಡಿ, “ಇನ್ನೊಂದ್ಸಲ ಈ ಮೆಟ್ಟಿಲು ಹತ್ತಿದ್ರೆ ನನ್ನ ಹೆಸರು ಬೇರೆ ಇಡಿ!” ಎಂದು ದುಪಟ್ಟಾ ಮುಚ್ಚಿಕೊಂಡು ಹೋದಳು. ನಿಜ ಹೇಳುವ ಧೈರ್ಯ ಅತ್ತಿಗೆಗೆ ಬರಲಿಲ್ಲ. ಬಾಗಿಲು ಹಾಕಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ ಮೇಲೂ ಇನ್ನೊಮ್ಮೆ ನಕ್ಕಳು.

ಮರುದಿನ ನಾದಿನಿ ಅದೇ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಇಬ್ಬರು ಗೆಳತಿಯರು.

“ಅತ್ತಿಗೆ, ಎಲ್ಲರ ಕಣ್ಣೂ ನನ್ನ ಮೇಲೇ! ಕಾಲೇಜು ಹುಡುಗಿ ಥರ ಕೆನ್ನೆ ಅಂದ್ರು. ಇವರಿಗೂ ಅದನ್ನೇ ಹಾಕಿ. ಉರಿದ್ರೂ ಪರವಾಗಿಲ್ವಂತೆ.”

ಇನ್ನು ಮುಚ್ಚಿಟ್ಟರೆ ಎಡವಟ್ಟಾದೀತೆಂದು ಅತ್ತಿಗೆ ಬಾಯಿಬಿಟ್ಟಳು. “ಅದು ಕ್ರೀಮಲ್ಲ ಕಣೇ. ನನ್ನ ಕೈಗೆ ಅಂಟಿದ್ದ ಮೆಣಸಿನಕಾಯಿ ಖಾರ.”

“ಗುಟ್ಟು ಹೇಳೋಕಿಷ್ಟ ಇಲ್ಲ ಅಂದ್ರೆ ಬಿಡಿ. ಸುಳ್ಳು ಯಾಕೆ?” ನಾದಿನಿಯ ಮುಖ ಊದಿತು.

ಅತ್ತಿಗೆ ತಾರಸಿಗೆ ಹೋಗಿ ಒಂದು ಕಾಯಿ ಕಿತ್ತು ತಂದು ಮುಂದೆ ಹಿಡಿದಳು. “ತುದಿ ಮಾತ್ರ ಕಚ್ಚು.”

“ಇಷ್ಟೇ ಇಷ್ಟು ಕಾಯಿಗೆ ತುದಿ ಎಲ್ಲಿಂದ ಬಂತು?” ಎಂದ ನಾದಿನಿ ಇಡೀ ಕಾಯಿ ಬಾಯಿಗೆ ಹಾಕಿಕೊಂಡಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಕಿವಿ ಕೆಂಪಾಯಿತು, ಮೂಗು ಸೋರಿತು, ಬಿಕ್ಕಳಿಕೆ ಶುರುವಾಯಿತು. ಗೆಳತಿಯರು ನೋಡುತ್ತಿದ್ದರಲ್ಲ, ಸೋಲೊಪ್ಪುವುದು ಹೇಗೆ?

“ಹೇಗಿದೆಯೇ?” ಎಂದಳೊಬ್ಬಳು.

“ಸಿ... ಸಿಹಿ!” ಎಂದು ಕಣ್ಣೀರು ಸುರಿಸುತ್ತ ಅತ್ತಿಗೆ ಒಳಗಿನಿಂದ ತಂದ ಹಾಲಿನ ಲೋಟ ಕಸಿದುಕೊಂಡಳು. ಗೆಳತಿಯರು ಗೊಳ್ಳೆಂದರು, ಕೊನೆಗೆ ಅವಳೂ ಬಿಕ್ಕುತ್ತಲೇ ನಕ್ಕಳು.

ಅತ್ತಿಗೆ ಎಲ್ಲರ ಕಣ್ಣೆದುರೇ ಎಣ್ಣೆ ಹಚ್ಚಿ ಕೈ ತೊಳೆದು, ಗೆಳತಿಯರಿಗೆ ಮಾಮೂಲಿ ಫೇಶಿಯಲ್ ಮಾಡಿ ಕಳಿಸಿದಳು. ನಾದಿನಿ ಮಾತ್ರ ಹಿಂದೆ ಉಳಿದು, ತಗ್ಗಿದ ದನಿಯಲ್ಲಿ ಕೇಳಿದಳು:

“ಅತ್ತಿಗೆ, ನಾಲ್ಕು ಕಾಯಿ ಕೊಡ್ತೀರಾ?”

“ಯಾರಿಗೆ?”

“ಆಫೀಸಲ್ಲಿ ನಮ್ಮ ಮ್ಯಾನೇಜರಿದ್ದಾರಲ್ಲ, ಎಂಥಾ ಖಾರಾನೂ ನೀರು ಕುಡಿದಂಗೆ ತಿಂತೀನಿ ಅಂತ ದಿನಾ ಕೊಚ್ಕೋತಾರೆ.”

ಅತ್ತಿಗೆ ಒಂದೇ ಕಾಯಿಯನ್ನು ಚಿಕ್ಕ ಕಾಗದದಲ್ಲಿ ಕಟ್ಟಿಕೊಟ್ಟಳು. “ಒಂದು ಸಾಕು. ಪಕ್ಕದಲ್ಲಿ ಹಾಲಿಟ್ಕೊಂಡು ಕೊಡು.”