ಬಾಗಿಲು ತೆರೆಯದಿರಲಿ

ಕ್ಷೌರದಂಗಡಿಯವನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ರೇಡಿಯೋ ಎಂದೇ. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಊಟ ಸೇರದೆ, ಷರ್ಟು ಜೋಲಾಡುವಷ್ಟು ಸೊರಗಿದಾಗಲೂ "ಬೊಜ್ಜು ಕರಗಿತು, ಒಳ್ಳೇದೇ ಆಯ್ತು" ಎಂದು ನಗೆಯಾಡಿದ್ದ. ಒಂದು ಬೆಳಿಗ್ಗೆ ಮೈಯೆಲ್ಲ ಪರಚಿಕೊಳ್ಳುತ್ತಾ ಎದ್ದ. ಹೆಂಡತಿ ಗದ್ದ ಹಿಡಿದು ಅವನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಕಣ್ಣಿನ ಬಿಳಿಯೆಲ್ಲ ಹಳದಿ.

"ಕಾಮಾಲೆ ಕಣ್ರೀ. ನಡೀರಿ ಆಸ್ಪತ್ರೆಗೆ."

"ಗಿರಾಕಿಗಳು ಕಾಯ್ತಿರ್ತಾರೆ ಕಣೇ."

"ಕಾಯ್ಲಿ. ಅವರ ಕೂದಲೇನು ಓಡಿಹೋಗಲ್ಲ."

ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಕಂಡಿತು. ಅದು ಪಿತ್ತನಾಳವನ್ನು ಅದುಮಿ ಹಿಡಿದಿತ್ತು. ಸರ್ಜನ್ ಮೇಡಂ ಮುಚ್ಚುಮರೆ ಮಾಡಲಿಲ್ಲ.

"ಗಡ್ಡೆ ಜೊತೆಗೆ ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ ಎಲ್ಲಾ ತೆಗೀಬೇಕು. ಉಳಿದಿದ್ದನ್ನ ಮತ್ತೆ ಕರುಳಿಗೆ ಜೋಡಿಸಿ ಹೊಲೀಬೇಕು. ಮುಗಿಯೋಕೆ ಸಂಜೆ ಆಗುತ್ತೆ. ಆದ್ರೆ ರೋಗ ಬೇರೆ ಕಡೆ ಹರಡಿದ್ರೆ ತೆಗೆದು ಪ್ರಯೋಜನ ಇಲ್ಲ. ಹೊಟ್ಟೆ ಮುಚ್ಚಿ ಬೇಗ ಹೊರಗೆ ಬರ್ತೀವಿ."

ಆಪರೇಷನ್ ದಿನ ಸ್ಟ್ರೆಚರಿನ ಮೇಲೆ ಅವನು ತುಟಿಪಿಟಕ್ಕೆನ್ನದೆ ಮಲಗಿದ್ದ. ಮದುವೆಯಾದಾಗಿನಿಂದ "ಸ್ವಲ್ಪ ಸುಮ್ನಿರ್ರೀ" ಎನ್ನುತ್ತಲೇ ಬಂದವಳು ಬಗ್ಗಿ, "ಏನಾದ್ರೂ ಮಾತಾಡ್ರೀ" ಎಂದಳು. ಅವನು ಅವಳ ಕೈಯನ್ನಷ್ಟೇ ಹಿಡಿದ. ಅವನನ್ನು ಒಳಗೆ ತಳ್ಳಿಕೊಂಡು ಹೋದರು, ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಅವಳೂ ಅವನ ಅಕ್ಕನೂ ಕುಳಿತರು. ಬೇರೆಯವರೆಲ್ಲ ಬಾಗಿಲು ಯಾವಾಗ ತೆರೆದೀತೆಂದು ಕಾಯುತ್ತಿದ್ದರೆ, ಇವರಿಬ್ಬರು ತೆರೆಯದಿರಲಿ ಎಂದು ಕಾಯುತ್ತಿದ್ದರು. ತಂದಿದ್ದ ಕಾಫಿ ಇನ್ನೂ ಆರಿರಲಿಲ್ಲ, ಬಾಗಿಲು ತೆರೆಯಿತು. ಮೇಡಂ ಮುಖಗವಸು ಕೆಳಗೆಳೆದುಕೊಂಡು ನಿಂತಿದ್ದರು. ಅಕ್ಕ ಅಲ್ಲೇ ಬಿಕ್ಕಳಿಸಿದಳು.

"ಇನ್ನೂ ಮುಗಿದಿಲ್ಲ. ಲಿವರ್ ಮೇಲೆ ಒಂದು ಚುಕ್ಕೆ ಕಾಣ್ತಿದೆ. ಚೂರು ತೆಗೆದು ಪರೀಕ್ಷೆಗೆ ಕಳ್ಸಿದ್ದೀವಿ. ಅದೂ ಇದೇ ರೋಗ ಆಗಿದ್ರೆ ಮುಚ್ಚಿಬಿಡ್ತೀವಿ."

"ಇಲ್ದೇ ಇದ್ರೆ?" ಎಂದಳು ಹೆಂಡತಿ.

"ಮುಂದುವರಿಸ್ತೀವಿ."

ಮೇಡಂ ಒಳಗೆ ಹೋದರು. ಆಮೇಲೆ ಯಾರೂ ಬರಲಿಲ್ಲ. ಪ್ರತಿ ಹೆಜ್ಜೆ ಸಪ್ಪಳಕ್ಕೂ ಹೆಂಡತಿ ಬಾಗಿಲ ಕಡೆ ತಿರುಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಪಾಳಿ ಮುಗಿಸಿ ಹೊರಬಂದ ನರ್ಸಿನ ದಾರಿಗೆ ಅಡ್ಡ ನಿಂತಳು. ಹಿಂದೆಯೇ ಬಂದ ಅಕ್ಕ ಕೇಳಿದಳು: "ಒಳಗಿರೋನು ನನ್ನ ತಮ್ಮ ಕಣಮ್ಮಾ. ಏನಾಯ್ತು?"

"ಚುಕ್ಕೆ ಏನೂ ಅಲ್ವಂತೆ. ಆಪರೇಷನ್ ನಡೀತಾನೇ ಇದೆ. ಯಾರೂ ಹೇಳ್ಲಿಲ್ವಾ?"

ಸಂಜೆ ಅವನನ್ನು ಹೊರಗೆ ತಂದರು. ಗಂಡಾಂತರ ಅಷ್ಟಕ್ಕೇ ಕಳೆಯಲಿಲ್ಲ. ಕೆಲವು ದಿನಗಳಲ್ಲೇ ಜ್ವರ ಏರಿತು. ಹೊಟ್ಟೆಗೆ ಹಾಕಿದ್ದ ಕೊಳವೆಯಲ್ಲಿ ಕಲಕಿದ ನೀರು ಬರತೊಡಗಿತು. ಹೊಲಿಗೆಯ ಹತ್ತಿರ ಗ್ರಂಥಿಯ ರಸ ಸೋರುತ್ತಿದೆ, ಮತ್ತೆ ಹೊಟ್ಟೆ ತೆರೆಯಬೇಕಾದರೂ ಆದೀತು ಎಂದರು ಮೇಡಂ. ಬಾಯಿಗೆ ಏನೂ ಕೊಡುವಂತಿರಲಿಲ್ಲ. ಹೆಂಡತಿ ಒದ್ದೆ ಹತ್ತಿಯಿಂದ ಅವನ ತುಟಿ ಒರೆಸುತ್ತಾ, ಕೊಳವೆಯ ಚೀಲವನ್ನೇ ನೋಡುತ್ತಾ ಕುಳಿತಳು. ನೀರು ದಿನೇ ದಿನೇ ತಿಳಿಯಾಯಿತು, ಕಡಿಮೆಯಾಯಿತು, ಕೊನೆಗೆ ನಿಂತಿತು. ಮತ್ತೆ ಕೊಯ್ಯುವ ಪ್ರಮೇಯ ಬರಲಿಲ್ಲ.

ಗಡ್ಡೆ ಕ್ಯಾನ್ಸರೇ ಆಗಿತ್ತು. ಆದರೆ ಪೂರ್ತಿ ತೆಗೆದಾಗಿದೆ, ಇನ್ನು ಕೆಲವು ತಿಂಗಳು ಕೀಮೋ ಔಷಧಿ ಏರಿಸಬೇಕು ಎಂದರು.

ಮನೆಗೆ ಹೊರಟ ದಿನ, ಅಷ್ಟು ದಿನವೂ ಒಂದು ಹನಿ ಕಣ್ಣೀರು ಹಾಕದ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಗೊಳೋ ಎಂದು ಅತ್ತಳು. ಬಾಡಿಗೆ ಗಾಡಿಯವನು ಹಾರ್ನ್ ಒತ್ತಿದ.

"ಸ್ವಲ್ಪ ತಾಳಪ್ಪಾ," ಎಂದ ರೇಡಿಯೋ. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ನಿಧಾನವಾಗಿ ಅವಳ ಪಕ್ಕದಲ್ಲೇ ಕುಳಿತ.